ಒಗ್ಗದಾದ ಮನೆಯನ್ನು ಒಗ್ಗಿಸಿಕೊಳ್ಳುವ ಬಗೆ

ಮನೆ ಒಂದೇ ದಿನದಲ್ಲಿ ಒಗ್ಗದಾಗುವುದಿಲ್ಲ. ಮಗು ಹುಟ್ಟಿದ ಮೇಲೆ, ಕಚೇರಿಯ ಕೆಲಸ ಮನೆಗೇ ಬಂದ ಮೇಲೆ, ವಯಸ್ಸಾದ ತಂದೆತಾಯಿ ಜೊತೆಗೆ ಬಂದು ನೆಲೆಸಿದ ಮೇಲೆ, ಮೊಣಕಾಲು ನೋವು ಶುರುವಾದ ಮೇಲೆ, ಅಥವಾ ಮಕ್ಕಳೆಲ್ಲ ದೂರ ಹೋಗಿ ಇಬ್ಬರಿಗಾಗಿ ಆರು ಕೋಣೆಗಳನ್ನು ಗುಡಿಸಿ ಒರೆಸಬೇಕಾಗಿ ಬಂದ ಮೇಲೆ, ಹತ್ತಾರು ವರ್ಷ ಸಲೀಸಾಗಿ ಬಾಳಿದ ಮನೆಯೇ ದಿನಚರಿಗೆ ಅಡ್ಡ ನಿಲ್ಲತೊಡಗುತ್ತದೆ. ಆ ಹೊತ್ತಿನಲ್ಲಿ ಬಹಳ ಮಂದಿ ತೊಂದರೆ ಏನೆಂದು ಗೊತ್ತುಮಾಡಿಕೊಳ್ಳುವ ಮುನ್ನವೇ ಪರಿಹಾರವನ್ನು ಗೊತ್ತುಮಾಡಿಕೊಂಡುಬಿಡುತ್ತಾರೆ. “ಇನ್ನೊಂದು ಕೋಣೆ ಬೇಕು” ಎಂದವರನ್ನು ಯಾತಕ್ಕೆಂದು ಮೂರು ಬಾರಿ ಕೇಳಿದರೆ, ಮೂರನೆಯ ಉತ್ತರದಲ್ಲಿ ಕೋಣೆಯ ಮಾತೇ ಇರುವುದಿಲ್ಲ ಎಂಬುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಆದ್ದರಿಂದ ಎಂಜಿನಿಯರನ್ನಾಗಲಿ ಮೇಸ್ತ್ರಿಯನ್ನಾಗಲಿ ಕರೆಯುವ ಮುನ್ನ ಎರಡು ವಾರ ಒಂದು ನೋಟ್‌ಪುಸ್ತಕವನ್ನು ಕೈಗೆಟುಕುವಲ್ಲಿ ಇಡಿ. ಮನೆಯಲ್ಲಿ ಕಿರಿಕಿರಿಯಾದಾಗಲೆಲ್ಲ ಯಾರಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಎಂಬ ನಾಲ್ಕು ವಿವರಗಳನ್ನು ಮಾತ್ರ ಬರೆಯಿರಿ, ಪರಿಹಾರವನ್ನು ಬರೆಯಬೇಡಿ. “ಬಚ್ಚಲುಮನೆ ಸಾಲದು” ಎಂಬ ದೂರು ಹೀಗೆ ಬರೆದಾಗ “ಬೆಳಿಗ್ಗೆ ಏಳರಿಂದ ಎಂಟರವರೆಗೆ ಒಬ್ಬರು ಸ್ನಾನಕ್ಕೆ ಹೋದರೆ ಉಳಿದ ಮೂವರಿಗೆ ಹಲ್ಲುಜ್ಜಲೂ ಜಾಗವಿಲ್ಲ” ಎಂದಾಗುತ್ತದೆ. ಕೈತೊಳೆಯುವ ಬೇಸಿನ್ನನ್ನೂ ಕನ್ನಡಿಯನ್ನೂ ಬಚ್ಚಲಿನಿಂದ ಹೊರಗೆ ತಂದರೆ ಆ ಒಂದು ಗಂಟೆಯ ನೂಕುನುಗ್ಗಲು ಬಹುಪಾಲು ಕರಗುತ್ತದೆ. ಎರಡನೆಯ ಬಚ್ಚಲನ್ನು ಕಟ್ಟುವ ಖರ್ಚಿನ ಸಣ್ಣ ಭಾಗದಲ್ಲಿ ಅದು ಮುಗಿಯುತ್ತದೆ. ಹಾಗೆಯೇ “ಕೆಲಸ ಮಾಡಲು ಪ್ರತ್ಯೇಕ ಕೋಣೆಯಿಲ್ಲ” ಎಂಬುದು ಎಷ್ಟೋ ಸಲ ಸದ್ದಿನ ತೊಂದರೆಯಾಗಿರುತ್ತದೆ. ಸದ್ದು ಗೋಡೆಗಿಂತ ಹೆಚ್ಚಾಗಿ ಬಾಗಿಲಿನ ಸಂದಿಗಳಿಂದ ಒಳಗೆ ಬರುವುದರಿಂದ, ಒಳಗೆ ಪೊಳ್ಳಿರುವ ಬಾಗಿಲನ್ನು ತೆಗೆದು ಗಟ್ಟಿ ಮರದ್ದನ್ನು ಹಾಕಿ, ಚೌಕಟ್ಟಿನ ಸುತ್ತಲೂ ಬಾಗಿಲಿನ ಅಡಿಗೂ ರಬ್ಬರ್ ಪಟ್ಟಿ ಕೂರಿಸಿದರೆ ಈಗಿರುವ ಮಲಗುವ ಕೋಣೆಯೇ ಹಗಲಿನ ಕಚೇರಿಯಾಗಬಲ್ಲದು.

ತಮ್ಮ ತೊಂದರೆಯನ್ನು ಹೇಳಿಕೊಳ್ಳದವರೂ ಮನೆಯಲ್ಲಿರುತ್ತಾರೆ. ಚಿಕ್ಕ ಮಕ್ಕಳಿಗೆ ಹೇಳಲು ಬರುವುದಿಲ್ಲ. ಹಿರಿಯರು ಹೊರೆಯಾಗಬಾರದೆಂದು ಸುಮ್ಮನಿರುತ್ತಾರೆ. ಅವರ ವಿಷಯದಲ್ಲಿ ಮನೆಯನ್ನೇ ಓದಬೇಕು. ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಕೈಯೂರಿದ ಕೊಳೆಯ ಗುರುತು ಕಂಡರೆ ಅಲ್ಲಿ ಹಿಡಿಗಂಬಿ ಬೇಕೆಂದು ಅರ್ಥ. ಬಚ್ಚಲಿನಲ್ಲಿ ಟವೆಲ್ ತೂಗುಹಾಕುವ ಸರಳು ಗೋಡೆಯಿಂದ ಸಡಿಲಗೊಂಡಿದ್ದರೆ ಯಾರೋ ಅದನ್ನು ಹಿಡಿದು ಏಳುತ್ತಿದ್ದಾರೆ. ಆ ಸರಳು ಮೈಭಾರವನ್ನು ತಾಳುವಂಥದ್ದಲ್ಲ, ಒಂದು ದಿನ ಕಿತ್ತು ಬರುತ್ತದೆ. ಮಹಡಿಯ ಕೋಣೆಯಲ್ಲಿರುವ ಬಟ್ಟೆಗಳು ಕೆಳಗಿನ ಕುರ್ಚಿಯ ಮೇಲೆ ರಾಶಿ ಬೀಳುತ್ತಿದ್ದರೆ ಮೆಟ್ಟಿಲು ಹತ್ತುವುದನ್ನು ಯಾರೋ ತಪ್ಪಿಸುತ್ತಿದ್ದಾರೆ.

ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದು ತೊಂದರೆಯ ಎದುರಿಗೂ ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ಬರೆಯಿರಿ. ಅಂಬೆಗಾಲಿಡುವ ಮಗುವಿಗಾಗಿ ಮೆಟ್ಟಿಲಿಗೆ ಕಟ್ಟಿಸುವ ತಡೆಬಾಗಿಲು ಕೆಲವೇ ವರ್ಷಗಳ ಮಾತು; ಅದಕ್ಕೆ ಕಳಚಿಡಬಹುದಾದದ್ದು ಸಾಕು. ಸಂಧಿವಾತದಂತಹ ಕಾಯಿಲೆಯಾದರೆ ಇಂದಿಗಿಂತ ಐದು ವರ್ಷದ ಮುಂದಿನ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟು ಯೋಜಿಸಬೇಕು. ನೀವು ಈ ಮನೆಯಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ ಎಂಬ ಪ್ರಶ್ನೆಯನ್ನೂ ಇದೇ ಹೊತ್ತಿನಲ್ಲಿ ಮನೆಯವರೆಲ್ಲ ಸೇರಿ ಬಾಯಿಬಿಟ್ಟು ಮಾತಾಡುವುದು ಒಳ್ಳೆಯದು.

ಯಾವುದನ್ನು ಮೊದಲು ಮುಟ್ಟಬೇಕು

ಕಟ್ಟಡವೆಂಬುದು ಒಂದೇ ವಸ್ತುವಲ್ಲ, ಬೇರೆಬೇರೆ ಆಯುಸ್ಸಿನ ಹಲವು ಪದರಗಳ ಕೂಟ ಎಂಬ ವಿಚಾರವನ್ನು ಬ್ರಿಟನ್ನಿನ ವಾಸ್ತುಶಿಲ್ಪಿ ಫ್ರಾಂಕ್ ಡಫಿ ಮುಂದಿಟ್ಟರು. ಪಾಯ, ಕಂಬ, ತೊಲೆಗಳು ತಲೆಮಾರುಗಳವರೆಗೆ ನಿಲ್ಲುತ್ತವೆ. ಪೈಪು ಮತ್ತು ವೈರುಗಳು ಅದಕ್ಕಿಂತ ಬೇಗ ಹಳತಾಗುತ್ತವೆ. ಕೋಣೆಗಳ ಬಳಕೆ ಇನ್ನೂ ಬೇಗ ಬದಲಾಗುತ್ತದೆ. ಕುರ್ಚಿ, ಮೇಜು, ಮಂಚಗಳನ್ನು ಇಂದೇ ಮಧ್ಯಾಹ್ನ ಸರಿಸಬಹುದು. ತೀರ್ಮಾನಕ್ಕೆ ಇದರಿಂದ ನೇರವಾದ ಉಪಯೋಗವಿದೆ: ಬೇಗ ಬದಲಾಗುವ ಪದರದಲ್ಲಿ ಪರಿಹಾರ ಸಿಗುವುದಾದರೆ ನಿಧಾನದ ಪದರವನ್ನು ಮುಟ್ಟಬೇಡಿ.

ಹಾಗಾಗಿ ಮೊದಲು ಕೋಣೆಗಳನ್ನು ಅದಲುಬದಲು ಮಾಡಿ ನೋಡಿ. ಮಲಗುವ ಕೋಣೆ ಮಹಡಿಯಲ್ಲೇ ಇರಬೇಕೆಂಬ ನಿಯಮವಿಲ್ಲ; ಅಪರೂಪಕ್ಕೆ ಬರುವ ಅತಿಥಿಗಳಿಗಾಗಿ ಕೆಳಗೆ ಮೀಸಲಿಟ್ಟ ಕೋಣೆಯನ್ನು ದಿನವೂ ಮೆಟ್ಟಿಲು ಹತ್ತಲಾಗದವರಿಗೆ ಬಿಟ್ಟುಕೊಟ್ಟರೆ ಲಿಫ್ಟ್ ಕೂರಿಸುವ ಯೋಚನೆಯೇ ಬೇಡವಾಗಬಹುದು. ಆಮೇಲೆ ಸಾಮಾನುಗಳತ್ತ ನೋಡಿ, ಏಕೆಂದರೆ ಇಕ್ಕಟ್ಟಾಗಿದೆ ಎನಿಸುವ ಎಷ್ಟೋ ಕೋಣೆಗಳು ವರ್ಷಕ್ಕೊಮ್ಮೆಯೂ ತೆರೆಯದ ಬೀರುಗಳಿಂದ ಇಕ್ಕಟ್ಟಾಗಿರುತ್ತವೆ. ಬಾಗಿಲು, ದೀಪ, ಸ್ವಿಚ್ಚು, ಹಿಡಿಗಂಬಿಗಳು ಅದಾದ ಮೇಲೆ. ಪೈಪುಗಳನ್ನು ಸ್ಥಳಾಂತರಿಸುವುದು ಮತ್ತು ಗೋಡೆಗಳನ್ನು ಒಡೆಯುವುದು ಕಡೆಗೆ.

ಪೈಪುಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಕ್ಷೆಯ ಮೇಲೆ ಸುಲಭವಾಗಿ ಕಾಣುವ ಬಹಳಷ್ಟು ಯೋಜನೆಗಳು ಕೆಡುವುದು ಇಲ್ಲಿಯೇ. ಕುಡಿಯುವ ನೀರು ಒತ್ತಡದಿಂದ ಬರುವುದರಿಂದ ಅದರ ಪೈಪನ್ನು ಎತ್ತ ಬೇಕಾದರೂ ಒಯ್ಯಬಹುದು. ಶೌಚಾಲಯದ ನೀರು ಮಾತ್ರ ಇಳಿಜಾರಿನಲ್ಲಿ ತಾನೇ ಹರಿದುಹೋಗಬೇಕು. ಮೀಟರಿಗೆ 2.5 ಸೆಂಟಿಮೀಟರಿನಷ್ಟು ಇಳಿಜಾರು ಕೊಟ್ಟರೆ, ಹಳೆಯ ಕೊಳವೆಯಿಂದ 4 ಮೀಟರ್ ದೂರದಲ್ಲಿ ಹೊಸ ಶೌಚಾಲಯ ಮಾಡಿದಾಗ 10 ಸೆಂಟಿಮೀಟರ್ ಇಳಿತ ಬೇಕಾಗುತ್ತದೆ, ಅದರ ಮೇಲೆ ಪೈಪಿನ ದಪ್ಪವೂ ಸೇರುತ್ತದೆ. ನೆಲದಡಿಯಲ್ಲಿ ಅಷ್ಟು ಆಳವಿಲ್ಲದಿದ್ದರೆ ನೆಲವನ್ನೇ ಎತ್ತರಿಸಬೇಕು. ಹಿರಿಯರ ಅನುಕೂಲಕ್ಕೆಂದು ಕಟ್ಟಿಸಿದ ಬಚ್ಚಲಿಗೆ ಹೊಸದಾಗಿ ಒಂದು ಮೆಟ್ಟಿಲು ಹುಟ್ಟಿಕೊಳ್ಳುವುದು ಹೀಗೆಯೇ. ಆದ್ದರಿಂದ ಹೊಸ ಬಚ್ಚಲನ್ನು ಹಳೆಯದರ ಬೆನ್ನಿಗೆ ಅಥವಾ ಅದರ ನೇರ ಮೇಲೆ ಇಲ್ಲವೇ ಕೆಳಗೆ ಇಡಲು ಸಾಧ್ಯವೇ ಎಂದು ಮೊದಲು ನೋಡಿ.

ಅಳತೆ ಹಾಕಿ, ಬದುಕಿ ನೋಡಿ

ಕಾಗದದ ಮೇಲಿನ ನಕ್ಷೆಯನ್ನು ನಂಬಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಬರಲಿರುವ ಗೋಡೆಯನ್ನು ನೆಲದ ಮೇಲೆ ಸೀಮೆಸುಣ್ಣದಿಂದಲೋ ಬಣ್ಣದ ಟೇಪಿನಿಂದಲೋ ಗುರುತು ಮಾಡಿ, ಹೊಸ ಕಟ್ಟೆ ಬರುವಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಒಂದು ವಾರ ಆ ಗೆರೆಯನ್ನು ದಾಟದೆ ಬದುಕಿ ನೋಡಿ. ಬೀರುವಿನ ಬಾಗಿಲು ಪೂರ್ತಿ ತೆರೆಯುವುದಿಲ್ಲವೆಂಬುದು, ಮಂಚದ ಒಂದು ಬದಿಗೆ ಹೋಗಲು ದಾರಿಯೇ ಉಳಿಯುವುದಿಲ್ಲವೆಂಬುದು ಮೊದಲ ಎರಡು ದಿನಗಳಲ್ಲೇ ತಿಳಿಯುತ್ತದೆ.

ನಡೆದಾಟದ ತೊಂದರೆಯಿರುವವರಿಗಾಗಿ ಬದಲಾವಣೆ ಮಾಡುವಾಗ ಕೆಲವು ಅಳತೆಗಳು ತಪ್ಪದೆ ನೆನಪಿರಬೇಕು. ಗಾಲಿಕುರ್ಚಿ ಒಳಗೆ ಬರಲು ಬಾಗಿಲನ್ನು ಪೂರ್ತಿ ತೆರೆದಾಗ ಉಳಿಯುವ ಬರಿಜಾಗ ಕನಿಷ್ಠ 81 ಸೆಂಟಿಮೀಟರ್ ಇರಬೇಕು; ಅಳೆಯಬೇಕಾದದ್ದು ಬಾಗಿಲಿನ ಹಲಗೆಯನ್ನಲ್ಲ, ತೆರೆದ ಹಲಗೆಯಿಂದ ಎದುರಿನ ಚೌಕಟ್ಟಿನವರೆಗಿನ ಅಂತರವನ್ನು. ಗಾಲಿಕುರ್ಚಿ ಸುತ್ತು ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಜಾಗ ಬೇಕು. ಇಳಿಜಾರು ದಾರಿಗೆ ವ್ಯಾಪಕವಾಗಿ ಒಪ್ಪಿಕೊಂಡಿರುವ ಗರಿಷ್ಠ ಪ್ರಮಾಣ 12ಕ್ಕೆ 1. ಅಂದರೆ ತಲಾ 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲುಗಳ ಬದಲಿಗೆ ಇಳಿಜಾರು ಮಾಡಬೇಕೆಂದರೆ 5.4 ಮೀಟರ್ ಉದ್ದ ಬೇಕು, ಮೇಲೂ ಕೆಳಗೂ ಸಮತಟ್ಟಾದ ನಿಲ್ದಾಣದ ಜಾಗ ಬೇರೆ. “ಒಂದು ರ‍್ಯಾಂಪ್ ಹಾಕಿಸಿಬಿಟ್ಟರಾಯಿತು” ಎನ್ನುವವರು ಈ ಲೆಕ್ಕವನ್ನು ಮಾಡಿರುವುದಿಲ್ಲ. ಇದ್ದ ಜಾಗಕ್ಕೆ ಹೊಂದಿಸಿ ಕಡಿದಾಗಿ ಕಟ್ಟಿದ ಇಳಿಜಾರು ಮೆಟ್ಟಿಲಿಗಿಂತಲೂ ಅಪಾಯಕಾರಿ.

ಬಚ್ಚಲಿನ ಹಿಡಿಗಂಬಿಯನ್ನು ನೆಲದಿಂದ 84ರಿಂದ 91 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸುವುದು ರೂಢಿ. ಆದರೂ ಬಳಸುವವರನ್ನೇ ಅಲ್ಲಿ ಕೂರಿಸಿ ಎಬ್ಬಿಸಿ, ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಗುರುತು ಹಾಕುವುದು ಮೇಲು. ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಏಕೆಂದರೆ ಒಳಗೆ ಬಿದ್ದವರ ದೇಹವೇ ಒಳಕ್ಕೆ ತೆರೆಯುವ ಬಾಗಿಲಿಗೆ ಅಡ್ಡವಾಗಿ, ಹೊರಗಿನವರು ನೆರವಿಗೆ ಹೋಗಲಾಗದಂತಾಗುತ್ತದೆ. ಬೆಳಕಿನ ಬಗ್ಗೆಯೂ ಒಂದು ಮಾತು: ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟುವುದರಿಂದ, ಯುವಕರಿಗೆ ಸಾಕೆನಿಸುವ ದೀಪ ಹಿರಿಯರಿಗೆ ಮಬ್ಬಾಗಿರುತ್ತದೆ. ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯಲ್ಲಿ ಕಾಲಬುಡದ ಎತ್ತರಕ್ಕೆ ಸಣ್ಣ ದೀಪಗಳನ್ನು ಹಾಕಿಸುವುದು ಅಗ್ಗದ ಕೆಲಸ, ಆದರೆ ಅದರಿಂದ ತಪ್ಪುವ ಬೀಳುವಿಕೆಗಳು ಅಗ್ಗದವಲ್ಲ.

ಈ ಎಲ್ಲ ಲೆಕ್ಕಾಚಾರದಲ್ಲಿ, ಯಾರಿಗಾಗಿ ಬದಲಾಯಿಸುತ್ತಿದ್ದೇವೆಯೋ ಅವರನ್ನೇ ಕೇಳುವುದನ್ನು ಮರೆಯುವುದುಂಟು. ನಮ್ಮ ತಾಯಿಗಾಗಿ ನಾವು ಹಿಂಭಾಗದ ಶಾಂತವಾದ ಕೋಣೆಯನ್ನು ಬಹಳ ಮುತುವರ್ಜಿಯಿಂದ ಸಿದ್ಧಪಡಿಸಿದೆವು. ಒಂದು ತಿಂಗಳಾದ ಮೇಲೆ ಅವರು, ಹೋಗಿಬರುವವರು ಕಾಣುವ ಕಿಟಕಿಯ ಬಳಿ ತಮ್ಮ ಕುರ್ಚಿಯೊಂದಿದ್ದರೆ ಸಾಕಾಗಿತ್ತು ಎಂದರು. ಆ ಮಾತು ನನ್ನನ್ನು ಇಂದಿಗೂ ನೋಯಿಸುತ್ತದೆ. ದೇಹದ ತೊಂದರೆ ಹೆಚ್ಚಾಗಿದ್ದರೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರನ್ನು ಮನೆಗೇ ಕರೆಸಿ ತೋರಿಸಿ. ದಿನನಿತ್ಯದ ಚಲನವಲನವನ್ನು ಗಮನಿಸಿ ಎಲ್ಲಿ ಏನು ಬೇಕೆಂದು ಹೇಳುವುದು ಅವರ ವಿದ್ಯೆಯ ಭಾಗವೇ ಆಗಿದೆ.

ಗೋಡೆ ಒಡೆಯಲೇಬೇಕಾದರೆ

ಗೋಡೆಯನ್ನು ತಟ್ಟಿ ಸದ್ದು ಕೇಳಿ ಅದು ಭಾರ ಹೊರುವ ಗೋಡೆಯೋ ಅಲ್ಲವೋ ಎಂದು ಹೇಳಲು ಬರುವುದಿಲ್ಲ. ಕಂಬ ಮತ್ತು ತೊಲೆಗಳ ಚೌಕಟ್ಟಿನ ಮೇಲೆ ನಿಂತ ಮನೆಯಲ್ಲಿ ನಡುವಿನ ಗೋಡೆಗಳು ಬರಿಯ ಮರೆಯಾಗಿರಬಹುದು. ಗೋಡೆಗಳ ಮೇಲೆಯೇ ತಾರಸಿ ಕೂತ ಹಳೆಯ ಮನೆಯಲ್ಲಿ ಅದೇ ದಪ್ಪದ ಗೋಡೆ ಮೇಲಿನದ್ದನ್ನೆಲ್ಲ ಹೊತ್ತಿರಬಹುದು. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಲಿಖಿತವಾಗಿ ತಿಳಿಸದೆ ಸುತ್ತಿಗೆ ಎತ್ತಿಸಬೇಡಿ. ಅಪಾರ್ಟ್‌ಮೆಂಟಿನಲ್ಲಿ ಒಳಗೋಡೆಗಳೂ ಇಡೀ ಕಟ್ಟಡಕ್ಕೆ ಸಂಬಂಧಿಸಿದವಾಗಿರಬಹುದಾದ್ದರಿಂದ ಅಲ್ಲಿ ಅನುಮತಿಯ ಮಾತು ಮೊದಲು ಬರುತ್ತದೆ. ಹಳೆಯ ಮನೆಗಳ ಶೀಟುಗಳಲ್ಲಿ ಆಸ್ಬೆಸ್ಟಾಸ್, ಬಣ್ಣದಲ್ಲಿ ಸೀಸ ಇರುವ ಸಂಭವವಿದ್ದು, ಅವುಗಳ ಧೂಳು ಶ್ವಾಸಕೋಶಕ್ಕೂ ಮಕ್ಕಳ ಬೆಳವಣಿಗೆಗೂ ಹಾನಿಕರವಾದ್ದರಿಂದ, ಒಡೆಯುವ ಮುನ್ನ ಪರೀಕ್ಷೆ ಮಾಡಿಸಬೇಕು.

ಖರ್ಚಿನ ಅಂದಾಜಿನಲ್ಲಿ ಕೂಲಿ ಮತ್ತು ಸಾಮಗ್ರಿಯ ಜೊತೆಗೆ ಕೆಲಸ ನಡೆಯುವಾಗ ಬೇರೆಡೆ ಇರಬೇಕಾದ ಬಾಡಿಗೆ, ಸಾಮಾನು ಸಾಗಣೆ, ಕಿತ್ತ ಅವಶೇಷದ ವಿಲೇವಾರಿ ಸೇರಬೇಕು. ಹಳೆಯ ಗೋಡೆಯ ಒಳಗೆ ಏನಿದೆಯೆಂದು ಒಡೆದ ಮೇಲೆಯೇ ತಿಳಿಯುವುದರಿಂದ ಶೇಕಡಾ 10ರಿಂದ 20ರಷ್ಟನ್ನು ಪ್ರತ್ಯೇಕವಾಗಿ ತೆಗೆದಿಡುವುದು ವಿವೇಕ.

ಬದಲಾಯಿಸುವ ಬದಲು ಮನೆಯನ್ನೇ ಬಿಡುವುದು ಲೇಸಾಗುವ ಸಂದರ್ಭವೂ ಇದೆ. ಎರಡು ವಾರದ ಪುಸ್ತಕವನ್ನು ಮತ್ತೆ ತೆರೆದು ನೋಡಿ. ಪದೇಪದೇ ಬರೆದ ಸಾಲುಗಳು ರಸ್ತೆಯ ಗದ್ದಲ, ಆಸ್ಪತ್ರೆಯ ದೂರ, ಲಿಫ್ಟಿಲ್ಲದ ಮೂರನೆಯ ಮಹಡಿ, ಮಾತಾಡಿಸುವವರಿಲ್ಲದ ಬೀದಿ ಎಂದಿದ್ದರೆ, ಅವೆಲ್ಲ ಮನೆಯ ಗೋಡೆಗಳ ಆಚೆಗಿನ ತೊಂದರೆಗಳು. ಎಷ್ಟು ಸುರಿದರೂ ಒಳಗಿನ ಕೆಲಸದಿಂದ ಅವು ತೀರುವುದಿಲ್ಲ. ಸಾಲುಗಳು ಒಳಗಿನವೇ ಆಗಿದ್ದರೆ ಒಂದು ಬದಲಾವಣೆಯನ್ನು ಮಾಡಿ, ಕೆಲವು ತಿಂಗಳು ಬಳಸಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ಹೇಗೂ ಗೋಡೆ ಒಡೆದಿದ್ದಾಗ ಮುಂದೆ ಬೇಕಾಗಬಹುದಾದ ಸಾಕೆಟ್ಟಿಗೆ ಖಾಲಿ ಪೈಪನ್ನೂ, ಹಿಡಿಗಂಬಿ ಬರಬಹುದಾದ ಕಡೆ ಗಟ್ಟಿಯಾದ ಆಧಾರವನ್ನೂ ಒಳಗೆ ಕೂರಿಸಿಬಿಡಿ. ಗಾರೆ ಮುಚ್ಚುವ ಮುನ್ನ ಅಳತೆಯ ಟೇಪನ್ನು ಪಕ್ಕಕ್ಕೆ ಹಿಡಿದು ಎಲ್ಲ ಪೈಪು ಮತ್ತು ವೈರುಗಳ ಚಿತ್ರ ತೆಗೆದು, ಮನೆಯ ಕಾಗದಪತ್ರಗಳ ಜೊತೆಗೆ ಇಡಿ.