ಎಂಜಿನ್ ಸದ್ದಿನ ಮೂಲ ಹುಡುಕೋದು ಹೇಗೆ?

ಬಾನೆಟ್ ಎತ್ತುವ ಮುನ್ನ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಸದ್ದೇ ಬರದೆ, ಓಡುವಾಗ ಮಾತ್ರ ಕೇಳಿದರೆ ಮೊದಲು ಚಕ್ರದ ಬೇರಿಂಗ್, ಬ್ರೇಕ್ ನೋಡಿ.

ನಿಂತಲ್ಲೇ ಬಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಕಮ್ಮಿಯಿದ್ದರೆ ಹೈಡ್ರಾಲಿಕ್ ಲಿಫ್ಟರ್‌ಗಳು (ವಾಲ್ವ್ ತೆರೆಯುವ, ಆಯಿಲ್ ತುಂಬಿದ ಭಾಗಗಳು) ಟಿಕ್‌ಟಿಕ್ ಅನ್ನುತ್ತವೆ. ಈ ಸದ್ದಿನ ಲಯ ಎಂಜಿನ್ ವೇಗದ ಅರ್ಧ: ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ 2 ಸುತ್ತು ಹಾಕುವಷ್ಟರಲ್ಲಿ ಲಿಫ್ಟರ್ ನಡೆಸುವ ದಂಡವಾದ ಕ್ಯಾಮ್ ಹಾಕುವುದು 1. ತಣ್ಣಗಿದ್ದಾಗ ಬಂದು ಬಿಸಿಯಾದಂತೆ ಅಡಗುವ ಟಿಕ್‌ಟಿಕ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಕೊಳವೆ) ಸೋರಿಕೆಯೂ ಇರಬಹುದು. ಜಾಯಿಂಟ್ ಸುತ್ತ ಕಪ್ಪು ಮಸಿ ಹುಡುಕಿ. ಇದನ್ನು ಲಿಫ್ಟರ್ ಅಂದುಕೊಂಡು ಸುಮ್ಮನೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿಸುವವರಿದ್ದಾರೆ.

ಬೆಲ್ಟ್ ಕಿರುಗುಟ್ಟುತ್ತಿದ್ದರೆ ಅದರ ಗೀರುಗಳಿರುವ ಬದಿಗೆ ಸ್ವಲ್ಪ ನೀರು ಸಿಂಪಡಿಸಿ. ಕ್ಷಣಕಾಲ ನಿಂತು ಮತ್ತೆ ಶುರುವಾದರೆ ಪುಲ್ಲಿ ಓರೆಯಾಗಿರಬೇಕು. ಇನ್ನೂ ಜೋರಾದರೆ ಬಿಗಿ ಸಾಲದು, ಬೆಲ್ಟ್ ಬಿಗಿಹಿಡಿಯುವ ಟೆನ್ಷನರ್ ನೋಡಿ.

ಬೆಲ್ಟ್ ತಿರುಗಿಸುವ ಭಾಗಗಳ ಬೇರಿಂಗ್ ಮೇಲೆ ಅನುಮಾನವೇ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಆನಿಸಿ. ಸರಿಯಿದ್ದರೆ ನಯವಾದ ಗುಂಯ್. ಸವೆದಿದ್ದರೆ ಮರಳು ಅರೆದಂತೆ. ವಾಟರ್ ಪಂಪಿಗೂ ಹೀಗೇ ಮಾಡಿ. ತೋಳು, ಕೂದಲು ಬೆಲ್ಟಿನ ಹತ್ತಿರ ಸುಳಿಯದಿರಲಿ.

ಕೆಳಗಿನಿಂದ ಭಾರವಾದ ಢಬ್‌ಢಬ್ ಬಂದು, ಲೋಡ್ ಬಿದ್ದಷ್ಟೂ ಜೋರಾದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿರಬಹುದು. ಕೂಡಲೇ ಎಂಜಿನ್ ಆಫ್ ಮಾಡಿ, ಟೋ ಮಾಡಿಸಿ.