ಕೆಂಪಾಗೇ ಉಳಿದ ವೆಲ್‌ಗಳು

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಕಾಕಾನಿಗೆ ಬೇರೆಯವರ ಕಿಡ್ನಿ ಹಾಕಿದ್ದಾರೆ. ದೇಹ ಆ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್, ಮೈಕೋಫೆನೊಲೇಟ್ ಗುಳಿಗೆಗಳನ್ನು ಒಂದು ಹೊತ್ತೂ ತಪ್ಪಿಸುವಂತಿಲ್ಲ. ಹೋದಾಗಲೆಲ್ಲ ಕೇಳುತ್ತಾರೆ, "ತಮ್ಮಾ, ಈ ಗುಳಗಿ ಎಂದ ಬಿಡೂದು?" ಆ ಪ್ರಶ್ನೆ ಹಿಡಿದೇ ನಾನು ಇಲ್ಲಿನ ಲ್ಯಾಬಿನಲ್ಲಿ ಕೂತಿದ್ದೇನೆ.

ಹೊಸ ಅಂಗದ ಮೇಲೆ ಬೀಳುವ ಟಿ ಕೋಶ (ರೋಗನಿರೋಧಕ ಬಿಳಿ ರಕ್ತಕಣ) ಗ್ಲೂಕೋಸನ್ನು ಗಬಗಬ ತಿಂದು ಲ್ಯಾಕ್ಟಿಕ್ ಆಮ್ಲ ಹೊರಹಾಕುತ್ತದೆ. ಅವನ್ನು ಸುಮ್ಮನಿರಿಸುವ ಟಿ-ರೆಗ್ ಕೋಶ ಕೊಬ್ಬನ್ನೂ ಉರಿಸಿಕೊಂಡು ಬದುಕಬಲ್ಲದು. ಹಾಗಾದರೆ ಊಟ ಬದಲಿಸಿ ಜಗಳ ಬಿಡಿಸಬಹುದಲ್ವಾ?

ಇಬ್ಬರ ರಕ್ತವನ್ನು, ರಕ್ತದ ಕೋಶಗಳನ್ನು ಬೇರ್ಪಡಿಸುವ ಫೈಕಾಲ್ ದ್ರವದ ಮೇಲೆ ನಿಧಾನಕ್ಕೆ ಇಳಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದೆ. ನಡುವೆ ತೆಳ್ಳಗೆ ಒಂದು ಬಿಳಿ ಉಂಗುರ ನಿಲ್ಲುತ್ತದೆ. ಬೇಕಾದ ಕೋಶಗಳೆಲ್ಲ ಅಲ್ಲೇ. ದಾನಿ ಎಂದುಕೊಂಡ ಒಬ್ಬರ ಕೋಶಗಳು ಬೆಳೆಯದಂತೆ ವಿಕಿರಣ ಕೊಟ್ಟು, ಇನ್ನೊಬ್ಬರದರ ಜೊತೆ ಬೆರೆಸಿ, ಪ್ಲೇಟಿನ ಪುಟ್ಟ ಗುಳಿಗಳಲ್ಲಿ (ವೆಲ್) 37 ಡಿಗ್ರಿಯಲ್ಲಿ 5 ದಿನ ಇಟ್ಟೆ. ಕೋಶಗಳನ್ನು ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಫೀನಾಲ್ ರೆಡ್ ಎಂಬ ಬಣ್ಣ ಇರುತ್ತದೆ. ಜಗಳ ಜೋರಾದರೆ ಆಮ್ಲ ಏರಿ, ಕೆಂಪು ಹೋಗಿ ಹಳದಿಯಾಗುತ್ತದೆ.

ಮೊದಲ ಸಲ ಗ್ಲೂಕೋಸಿನಂತೆಯೇ ಕಾಣುವ, ಆದರೆ ಅರಗದ 2-ಡಿಜಿ ಹಾಕಿದೆ. ಐದನೇ ದಿನವೂ ವೆಲ್‌ಗಳು ಕೆಂಪು! ಕುಣಿಯುವಷ್ಟು ಖುಷಿಯಾಯಿತು. ಟ್ರಿಪಾನ್ ಬ್ಲೂ ಹಾಕಿ ನೋಡಿದರೆ ಬಹುಪಾಲು ಕೋಶ ನೀಲಿ. ಅಂದರೆ ಸತ್ತಿದ್ದವು. ಡೋಸ್ ಜಾಸ್ತಿಯಾಗಿತ್ತು. ಸತ್ತ ಕೋಶವೂ ಮೀಡಿಯಂ ಹಳದಿ ಮಾಡುವುದಿಲ್ಲ. ಬರೀ ಬಣ್ಣ ನಂಬುವುದನ್ನು ಅಂದೇ ಬಿಟ್ಟೆ.

ಇನ್ನೊಂದನ್ನೂ ತಿದ್ದಿಕೊಂಡೆ. ಆರ್‌ಪಿಎಂಐ ಮೀಡಿಯಂನಲ್ಲಿ ಡೆಸಿಲೀಟರಿಗೆ 200 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಉಪವಾಸದ ರಕ್ತದಲ್ಲಿರುವುದರ ಎರಡು ಪಟ್ಟು! ಅದನ್ನು 100ಕ್ಕೆ ಇಳಿಸಿ, ಬೇಗ ಮುಗಿಯದಂತೆ ನಡುವೆ ಮೀಡಿಯಂ ಬದಲಿಸಿದೆ.

ಆಮೇಲೆ ರಾಪಾಮೈಸಿನ್ ಹಿಡಿದೆ. 1964-65ರಲ್ಲಿ ರಾಪಾ ನೂಯಿ (ಈಸ್ಟರ್) ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಿಂದ ವಿಜ್ಞಾನಿ ಸುರೇನ್ ಸೆಹಗಲ್ ಅವರ ತಂಡ ಬೇರ್ಪಡಿಸಿದ ಔಷಧ ಇದು. ಕೋಶಕ್ಕೆ ಊಟವಿದೆ, ಬೆಳಿ ಎಂದು ಹೇಳುವ ಎಂಟಾರ್ ಎಂಬ ಪ್ರೋಟೀನನ್ನೇ ಇದು ತಡೆಯುತ್ತದೆ. ಈ ಸಲ ವೆಲ್‌ಗಳು ಕೆಂಪಾಗಿದ್ದವು, ಕೋಶಗಳೂ ಬದುಕಿದ್ದವು. ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರ್‌ನಲ್ಲಿ ಫಾಕ್ಸ್‌ಪಿ3 ಎಂಬ ಗುರುತಿನ ಪ್ರೋಟೀನ್ ಇರುವ ಟಿ-ರೆಗ್‌ಗಳ ಪಾಲೂ ಏರಿತ್ತು.

ಆದರೆ ಔಷಧ ಇರುವತನಕ ಸುಮ್ಮನಿದ್ದರೆ ಕಾಕಾನ ಪ್ರಶ್ನೆಗೆ ಅದು ಉತ್ತರವಲ್ಲ. ಔಷಧ ತೊಳೆದ ಮೇಲೂ ಅದೇ ದಾನಿಯ ಕೋಶ ಕಂಡರೆ ಸುಮ್ಮನಿರಬೇಕು. ಮೂರನೆಯವರ ಕೋಶ ಕಂಡರೆ ಮಾತ್ರ ಎದ್ದು ನಿಲ್ಲಬೇಕು. ಆ ಪ್ಲೇಟನ್ನು ಸೋಮವಾರ ಇನ್‌ಕ್ಯುಬೇಟರಿಗೆ ಇಟ್ಟಿದ್ದೇನೆ. ಶನಿವಾರ ತೆರೆಯಬೇಕು.