ಅಜ್ಜಿಯ ಅಪ್ಪ ಯಾರು? ಹುಡುಕಿದ್ದು ಹೀಗೆ

ನನ್ನ ಅಮ್ಮನ ತಾಯಿಯ ಜನನ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದೆ. ಅಜ್ಜಿ ಇದ್ದಾಗ ಆ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲು ಹುಡುಕಿದ್ದು ಆನ್‌ಲೈನ್ ದಾಖಲೆಗಳಲ್ಲಿ. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ದಾಖಲೆಗಳ ವೆಬ್‌ಸೈಟ್ ಉಚಿತ, ಹಾಗಾಗಿ ಅಲ್ಲಿಂದಲೇ ಶುರು. ಹೆಸರು ಟೈಪ್ ಮಾಡಿ ಸಿಗಲಿಲ್ಲ ಅಂತ ಬಿಟ್ಟುಬಿಡಬೇಡಿ. ಹಳೇ ಕೈಬರಹವನ್ನು ಓದಿ ಇಂಡೆಕ್ಸ್ ಮಾಡುವಾಗ ಹೆಸರುಗಳು ಕೆಟ್ಟಿರುತ್ತವೆ, ಎಷ್ಟೋ ಪುಟಗಳಿಗೆ ಇಂಡೆಕ್ಸೇ ಇರುವುದಿಲ್ಲ. ಒಂದೊಂದೇ ಪುಟ ತಿರುವಬೇಕು. ಹಾಗೆ ತಿರುವಿದಾಗ ಜನಗಣತಿಯಲ್ಲಿ ಮುತ್ತಜ್ಜಿಯ ಮನೆ ಸಿಕ್ಕಿತು. ಹಿಂದುಮುಂದಿನ ಪುಟಗಳ ನೆರೆಮನೆಯವರನ್ನೂ ಬರೆದಿಟ್ಟುಕೊಂಡೆ. ಆದರೆ ಬರೆಯದೇ ಬಿಟ್ಟ ಹೆಸರನ್ನು ಯಾವ ರಿಜಿಸ್ಟರ್ ತಾನೇ ಹೇಳೀತು? ಉಳಿದದ್ದು ಡಿಎನ್‌ಎ.

ಪರೀಕ್ಷೆ ನಾನು ಮಾಡಿಸಿಕೊಳ್ಳಲಿಲ್ಲ, ದೊಡ್ಡಮ್ಮನಿಗೆ ಮಾಡಿಸಿದೆ. ಆ ಅನಾಮಿಕ ಅವರಿಗೆ ಅಜ್ಜ, ಅಂದರೆ ಅವರಲ್ಲಿ ಅವನ ಪಾಲು ಸುಮಾರು ಕಾಲು ಭಾಗ. ನನ್ನಲ್ಲಿ ಅದರ ಅರ್ಧ. ಮನೆಯಲ್ಲಿ ಹಿರಿಯರಿದ್ದರೆ ಮೊದಲು ಅವರನ್ನೇ ಕೇಳಿ. ಅಜ್ಜಿಯ ಗುಟ್ಟು ಹೊರಗೆ ಬರಬಹುದು ಅಂತ ಮೊದಲೇ ಬಿಡಿಸಿ ಹೇಳಿದೆ. "ನನ್ನ ಎಂಜಲು ತಗೊಂಡು ಏನು ಕಂಡುಹಿಡೀತೀಯೋ?" ಅಂತ ನಕ್ಕರು, ಆಮೇಲೆ ಒಪ್ಪಿದರು. ಅರ್ಧ ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ವಯಸ್ಸಾದವರಿಗೆ ಬಾಯಿ ಒಣಗಿರುತ್ತದೆ. ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ಉಜ್ಜಿಕೊಂಡರೆ ಎಂಜಲು ಬರುತ್ತದೆ.

ರಿಪೋರ್ಟಿನಲ್ಲಿ ಬಣ್ಣಬಣ್ಣದ ನಕ್ಷೆ, ಯಾವ ಪ್ರದೇಶದ್ದು ಎಷ್ಟು ಶೇಕಡಾ ಅಂತ ಲೆಕ್ಕ. ಅದು ಬರೀ ಅಂದಾಜು, ಕಂಪನಿಗಳೇ ಆಗಾಗ ಬದಲಾಯಿಸುತ್ತಿರುತ್ತವೆ. ಅಸಲಿ ಸರಕು ಇರುವುದು ಮ್ಯಾಚ್ ಪಟ್ಟಿಯಲ್ಲಿ, ಅಂದರೆ ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದವರಲ್ಲಿ ಯಾರ ಡಿಎನ್‌ಎ ನಮ್ಮದಕ್ಕೆ ಹೊಂದುತ್ತದೆ ಅನ್ನುವ ಪಟ್ಟಿಯಲ್ಲಿ.

ಅಜ್ಜನ (ಅಜ್ಜಿಯ ಗಂಡನ) ಕಡೆಯ ಒಬ್ಬರು, ಮುತ್ತಜ್ಜಿಯ ಕಡೆಯ ಒಬ್ಬರು ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಲು ಒಪ್ಪಿದ್ದರು. ಅವರಿಗೂ ಹೊಂದುವ ಮ್ಯಾಚುಗಳನ್ನೆಲ್ಲ ಪಕ್ಕಕ್ಕಿಟ್ಟೆ, ಉಳಿದವರು ಆ ಅನಾಮಿಕನ ಕಡೆಯವರಿರಬೇಕು. ಇದು ನೂರಕ್ಕೆ ನೂರು ಜರಡಿಯಲ್ಲ. ಮುತ್ತಜ್ಜನ ತಂದೆತಾಯಿ ಇಬ್ಬರಿಗೂ ಒಬ್ಬರೇ ಆಗಿರುವ ಮೂರನೇ ಕಸಿನ್‌ಗಳಲ್ಲೇ ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಗುರುತಿಸುವಷ್ಟು ಡಿಎನ್‌ಎ ಸಮಾನವಾಗಿ ಇರುವುದಿಲ್ಲ. ಆದರೂ ಉಳಿದ ಗುಂಪು ಚಿಕ್ಕದಾಯಿತು. ಅದರ ಮೇಲ್ತುದಿಯಲ್ಲಿದ್ದವರು ಒಬ್ಬ ಮಹಿಳೆ, 212 ಸೆಂಟಿಮಾರ್ಗನ್ (ಇಬ್ಬರಲ್ಲಿ ಸಮಾನವಾಗಿರುವ ಡಿಎನ್‌ಎಯನ್ನು ಅಳೆಯುವ ಮಾನ).

ಈ ಸಂಖ್ಯೆ ನೋಡಿ ನೇರವಾಗಿ ಸಂಬಂಧ ಹೇಳಲು ಬರುವುದಿಲ್ಲ. ಇಷ್ಟು ಡಿಎನ್‌ಎ ಎರಡನೇ ಕಸಿನ್‌ಗೂ (ಮುತ್ತಜ್ಜ-ಮುತ್ತಜ್ಜಿ ಒಬ್ಬರೇ ಆದವರು) ಇರಬಹುದು, ಮೊದಲನೇ ಕಸಿನ್ನಿನ (ಅಜ್ಜ-ಅಜ್ಜಿ ಒಬ್ಬರೇ ಆದವರು) ಮೊಮ್ಮಗಳಿಗೂ ಇರಬಹುದು. ರಕ್ತಸಂಬಂಧದೊಳಗೇ ಮದುವೆಗಳಾದ ಮನೆತನವಾದರೆ ಸಂಖ್ಯೆ ಇನ್ನೂ ಉಬ್ಬಿರುತ್ತದೆ. ಅಲ್ಲಿ ಒಟ್ಟು ಮೊತ್ತಕ್ಕಿಂತ ಹೊಂದುವ ಡಿಎನ್‌ಎ ತುಂಡುಗಳು ಎಷ್ಟೆಷ್ಟು ಉದ್ದ ಅಂತ ನೋಡುವುದು ವಾಸಿ. ಇಲ್ಲಿ ವಯಸ್ಸು ಸಹಾಯಕ್ಕೆ ಬಂತು. ಆಕೆ ದೊಡ್ಡಮ್ಮನ ಓರಗೆಯವರು, ಹಾಗಾಗಿ ಎರಡನೇ ಕಸಿನ್ ಅಂತ ಹಿಡಿದೆ.

ಆಮೇಲೆ ಮತ್ತೆ ದಾಖಲೆಗಳ ಕೆಲಸ. ನನ್ನದಲ್ಲ, ಆಕೆಯ ವಂಶವೃಕ್ಷ ಕಟ್ಟಿದೆ. ಅದೇ ಗುಂಪಿನ ಇನ್ನೊಬ್ಬರದ್ದನ್ನೂ ಕಟ್ಟಿದೆ. ಎರಡೂ ಒಂದೇ ದಂಪತಿಯಲ್ಲಿ ಕೂಡಿದವು. ಆ ದಂಪತಿಗೆ ಮೂವರು ಗಂಡುಮಕ್ಕಳು. ಅಜ್ಜಿ ಹುಟ್ಟಿದಾಗ ಒಬ್ಬ ಇನ್ನೂ ಚಿಕ್ಕ ಹುಡುಗ. ಉಳಿದ ಇಬ್ಬರಲ್ಲಿ ಒಬ್ಬನ ಹೆಸರು ನಾನು ಬರೆದಿಟ್ಟುಕೊಂಡ ನೆರೆಮನೆಯವರ ಪಟ್ಟಿಯಲ್ಲೇ ಇತ್ತು!

ನೆರೆಮನೆಯಲ್ಲಿದ್ದ ಅಂದಮಾತ್ರಕ್ಕೆ ತಂದೆ ಅನ್ನೋಕೆ ಆಗಲ್ಲ, ಅಲ್ವಾ? ಅವನ ಮೊಮ್ಮಗನನ್ನು ಹುಡುಕಿ ಪತ್ರ ಬರೆದೆ. ಇಂಥ ಪತ್ರ ಚಿಕ್ಕದಿದ್ದಷ್ಟೂ ಒಳ್ಳೇದು. "ನಾವು ಸಂಬಂಧಿಗಳು ಅನ್ನಿಸುತ್ತೆ, ಹೇಗೆ ಅಂತ ತಿಳಿಯಬೇಕಿದೆ" ಅಂತಷ್ಟೇ ಬರೆದೆ. ಅವರು ಫೋನ್ ಮಾಡಿದ ಮೇಲೆ ಪೂರ್ತಿ ಹೇಳಿದೆ, ಪರೀಕ್ಷೆಗೂ ಕೇಳಿದೆ. ತಂದೆ ಅವನೇ ಆಗಿದ್ದರೆ ಈ ಮೊಮ್ಮಗ ಮತ್ತು ದೊಡ್ಡಮ್ಮ ಅರ್ಧ ಕಸಿನ್‌ಗಳು (ಅಜ್ಜ ಒಬ್ಬನೇ, ಅಜ್ಜಿಯರು ಬೇರೆ), ಸರಾಸರಿ 450 ಸೆಂಟಿಮಾರ್ಗನ್ ಆಸುಪಾಸು ಬರಬೇಕು. ಅವನ ಅಣ್ಣ ಆಗಿದ್ದರೆ 230ರ ಹತ್ತಿರ. ಬಂದದ್ದು 468.

ಟ್ರೀಯಲ್ಲಿ ಈಗ ಹೆಸರು ತುಂಬಿದ್ದೇನೆ, ಪಕ್ಕದಲ್ಲಿ "ಡಿಎನ್‌ಎ ಆಧಾರದ ಮೇಲೆ, ಲಿಖಿತ ದಾಖಲೆ ಇಲ್ಲ" ಅಂತ ಟಿಪ್ಪಣಿ ಇದೆ. ಆ ಮನೆಯವರಲ್ಲಿ ಕೆಲವರಿಗೆ ಇದು ಇನ್ನೂ ಗೊತ್ತಿಲ್ಲ. ಮೊಮ್ಮಗ ತಾನೇ ಹೇಳುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಟ್ರೀ ಪ್ರೈವೇಟ್ ಆಗೇ ಇರುತ್ತದೆ.